ತೂಬು ಎಲ್ಲಿ?

ಹೋದ ಬೇಸಿಗೆಯಲ್ಲಿ ನಮ್ಮ ತಂದೆಯವರು ಕೋಲಾರದ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದರು. ಒಂದು ಭಾನುವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಎಲ್ಲರೂ ಕ್ಯೂಪರ್ಟಿನೋದ ಸ್ಟೀವನ್ಸ್ ಕ್ರೀಕ್ ಪಾರ್ಕಿಗೆ ಹೊರಟೆವು. ನಿಮ್ಮಲ್ಲಿ ಹಲವರಿಗೆ ಪರಿಚಿತ ಜಾಗವೇ. ಸಾಂಟಾ ಕ್ರೂಜ್ ಬೆಟ್ಟಗಳ ತಪ್ಪಲು, ನಡುವೆ 1935ರಲ್ಲಿ ಅಣೆ ಕಟ್ಟಿ ನಿಲ್ಲಿಸಿದ ನೀರು. ಪಾರ್ಕು ಅದಕ್ಕಿಂತ ಹಳೆಯದು. 1924ರಲ್ಲಿ ಆರಂಭವಾದ ಇದೇ ಸಾಂಟಾ ಕ್ಲಾರಾ ಕೌಂಟಿಯ ಮೊದಲ ಪಾರ್ಕು.

ಮಕ್ಕಳಿಗೆ ನೀರಿಗಿಳಿಯುವ ಆಸೆ. ಆದರೆ ಇಲ್ಲಿ ಈಜುವಂತಿಲ್ಲ. ಹುಟ್ಟು ಹಾಕುವ ದೋಣಿಗಳನ್ನು ನೋಡಿಯೇ ತೃಪ್ತಿಪಟ್ಟರು. ಗಾಳ ಹಾಕಿದವರು ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಿದ್ದರು. ಮೀನಿನಲ್ಲಿ ಪಾದರಸವಿರುವುದರಿಂದ ತಿನ್ನಬಾರದಂತೆ.

ತಂದೆಯವರ ಕಣ್ಣು ಮಾತ್ರ ಏರಿಯ ಮೇಲೆ. "ಕೆರೆ ಚೆನ್ನಾಗಿದೆ ಕಣಪ್ಪಾ. ತೂಬು ಎಲ್ಲಿ? ಗದ್ದೆ ಎಲ್ಲಿ?" ಎಂದರು.

ಇಪ್ಪತ್ತು ವರ್ಷಗಳಿಂದ ಇಲ್ಲಿ ಪಿಕ್‌ನಿಕ್ ಮಾಡುತ್ತಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ! ರಾತ್ರಿ ಕೂತು ಓದಿದೆ. ನಮ್ಮ ಈ ಕಣಿವೆ ಹಿಂದೆ ಹಣ್ಣಿನ ತೋಟಗಳ ನಾಡು. ಬಾವಿಗಳಿಂದ ನೀರೆತ್ತಿ ಎತ್ತಿ ನೆಲವೇ ಕುಸಿಯಿತು. 1960ರ ದಶಕ ಮುಗಿಯುವ ಹೊತ್ತಿಗೆ ಸ್ಯಾನ್ ಹೋಸೆ ಪೇಟೆ ಸುಮಾರು 13 ಅಡಿ ಇಳಿದಿತ್ತು. ಮಳೆನೀರನ್ನು ಹಿಡಿದಿಟ್ಟು, ನಿಧಾನವಾಗಿ ಹಳ್ಳಕ್ಕೆ ಬಿಟ್ಟು, ಭೂಮಿಗೆ ಇಂಗಿಸಲೆಂದೇ ಈ ಕೆರೆ ಕಟ್ಟಿದ್ದು. ಮುಂದೆ ಹೊರಗಿನ ನೀರೂ ಬಂದು ಕುಸಿತ ನಿಂತಿತು.

ಬೆಳಿಗ್ಗೆ ಕಾಫಿ ಕುಡಿಯುವಾಗ ಇದನ್ನು ಹೇಳಿದೆ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಎತ್ತಿದ್ದಷ್ಟೇ, ಇಂಗಿಸಲಿಲ್ಲ" ಎಂದರು.

ನಮ್ಮೂರಲ್ಲಿ ಬೋರ್‌ವೆಲ್ ಬಂದಮೇಲೆ ಕೆರೆಯ ಹೂಳೆತ್ತುವವರೇ ಇಲ್ಲವಾದರು. ನಮ್ಮ ಮೂರನೆಯ ಬೋರೂ ಬತ್ತಿದಾಗ, "ಮಾರಿಬಿಡಿ, ಯಾಕೆ ಒದ್ದಾಡ್ತೀರಿ" ಎಂದು ಇಲ್ಲಿಂದ ಫೋನಿನಲ್ಲಿ ಹೇಳಿದವನು ನಾನೇ. ಮಾರಿದರು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ನಮ್ಮೂರ ಕೆರೆಯಲ್ಲೂ ಈಗ ನೀರಿದೆ. ಹೊಲ ಮಾತ್ರ ನಮ್ಮದಲ್ಲ. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಮತ್ತೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗು ಎಂದರು. ದಡದಲ್ಲಿ ಚಪ್ಪಲಿ ಬಿಟ್ಟು, ನೀರಿಗೆ ಕೈಮುಗಿದರು. ಪಕ್ಕದಲ್ಲಿ ನಾನೂ ಮುಗಿದೆ.

ಮುಂದಿನ ಸಲ ನೀವು ಅಲ್ಲಿಗೆ ಹೋದಾಗ ತೂಬು ಎಲ್ಲಿದೆ ಎಂದು ಮಕ್ಕಳು ಕೇಳಿದರೆ, ಕಾಲಡಿಯ ನೆಲ ತೋರಿಸಿ.