ಬೆಕ್ಕು, ಜಾನಮಾಜ್ ಮತ್ತು ಅಬ್ಬಾ

ನಮ್ಮ ಮನೆಯ ಬೆಕ್ಕು ಕಂಡಕಂಡಲ್ಲಿ ಉಚ್ಚೆ ಹೊಯ್ಯಲು ಶುರು ಮಾಡಿದ್ದು 2023ರ ಮಳೆಗಾಲದಲ್ಲಿ. ಇದೂ ಒಂದು ಬರೆಯುವ ವಿಷಯವೇ ಎಂದು ಓದುಗರು ಮೂಗು ಮುರಿಯಬಹುದು. ಬೆಕ್ಕು ಸಾಕಿದವರು ಮಾತ್ರ ಮೂಗು ಮುರಿಯಲಾರರು, ಮುಚ್ಚಿಕೊಂಡಾರು. ಆ ವಾಸನೆ ಎಂಥದೆಂದು ಅವರಿಗೆ ಗೊತ್ತು.

ಶೇರೂ ನಮ್ಮ ಮನೆಗೆ ಬಂದದ್ದು 2020ರಲ್ಲಿ. ಶಾಲೆಗಳು ಬಾಗಿಲು ಹಾಕಿದ್ದ ದಿನಗಳವು. ಹಿತ್ತಲಿನ ಮೋರಿಯ ಬದಿಯಲ್ಲಿ ನೆನೆದು ನಡುಗುತ್ತಿದ್ದ ಮರಿಯನ್ನು ಮಗಳು ತನ್ನ ದುಪಟ್ಟಾದಲ್ಲಿ ಸುತ್ತಿಕೊಂಡು ತಂದಳು. ಹುಲಿಯಂತೆ ಪಟ್ಟೆಗಳಿದ್ದವೆಂದು ಶೇರೂ ಎಂದು ಹೆಸರಿಟ್ಟಳು. ಆಗ ನಾವು ಶಿವಮೊಗ್ಗದ ಹಳೆಯ ಹಂಚಿನ ಮನೆಯಲ್ಲಿದ್ದೆವು. ಹಿತ್ತಲಲ್ಲಿ ಕರಿಬೇವಿನ ಗಿಡ, ಅದರ ಬುಡದಲ್ಲಿ ಮೆತ್ತನೆಯ ಮಣ್ಣು. ಶೇರೂ ಅಲ್ಲೇ ಕೆರೆದು, ಕೂತು, ಮುಚ್ಚಿ ಬರುತ್ತಿದ್ದ. ಯಾರೂ ಅವನಿಗೆ ಏನನ್ನೂ ಕಲಿಸಬೇಕಾಗಲಿಲ್ಲ.

2022ರಲ್ಲಿ ಆ ಮನೆ ಅಣ್ಣತಮ್ಮಂದಿರ ನಡುವೆ ಪಾಲಾಯಿತು, ಮಾರಾಟವೂ ಆಯಿತು. ಅಬ್ಬಾ ಹುಟ್ಟಿ ಬೆಳೆದ ಮನೆ ಅದು. ಎಪ್ಪತ್ತು ದಾಟಿದ ಅವರನ್ನೂ ಎರಡು ವರ್ಷದ ಶೇರೂನನ್ನೂ ಕರೆದುಕೊಂಡು ನಾವು ಬಾಡಿಗೆ ಮನೆ ಹುಡುಕುತ್ತ ಹೊರಟೆವು. ಹೆಸರು ಕೇಳುವ ತನಕ ಖಾಲಿಯಿದ್ದ ಮನೆಗಳು ಹೆಸರು ಹೇಳಿದ ಕೂಡಲೇ ಬೇರೆಯವರಿಗೆ ಕೊಟ್ಟಾಗಿಬಿಡುತ್ತಿದ್ದವು. ಇದು ಹೊಸ ಮಾತೇನಲ್ಲ, ಹಾಗಾಗಿ ಬೆಳೆಸುವುದಿಲ್ಲ. ಕೊನೆಗೆ ಒಬ್ಬ ಹಿರಿಯ ಅಮ್ಮನವರು ತಮ್ಮ ಮನೆಯ ಮೇಲಿನ ಮಹಡಿಯನ್ನು ಕೊಟ್ಟರು. ಒಳ್ಳೆಯವರು. ಒಂದೇ ಒಂದು ಷರತ್ತು ಹಾಕಿದರು: "ನೋಡಿ ಸಾಬ್ರೇ, ನೀವು ಏನು ತಿಂತೀರೋ ನಾನು ಕೇಳಲ್ಲ. ಮೀನಿನ ವಾಸನೆ ಮಾತ್ರ ಕೆಳಗೆ ಬರಬಾರದು."

ಒಪ್ಪಿಕೊಂಡೆವು. ಮೀನು ನಿಂತಿತು. ಶೇರೂಗೆ ಅಂಗಡಿಯಿಂದ ಪ್ಯಾಕೆಟ್ಟಿನ ಒಣ ಕಾಳು ಬಂತು. ಮಹಡಿಯ ಮೇಲೆ ಮಣ್ಣೆಲ್ಲಿ? ಅಗಲವಾದ ಪ್ಲಾಸ್ಟಿಕ್ ಟ್ರೇಯೊಂದರಲ್ಲಿ ಸಾಮಿಲ್ಲಿನಿಂದ ತಂದ ಮರದ ಹೊಟ್ಟು ಹರಡಿ ಬಚ್ಚಲಿನ ಬಳಿ ಇಟ್ಟೆವು. ಎರಡು ದಿನ ಅನುಮಾನದಿಂದ ಮೂಸಿ ನೋಡಿದ, ಮೂರನೆಯ ದಿನ ಒಪ್ಪಿಕೊಂಡ. ಎಲ್ಲರೂ ಹೊಸ ಮನೆಗೆ ಹೊಂದಿಕೊಂಡರು ಎಂದು ನಾವು ತಿಳಿದೆವು.

ಒಂದು ವರ್ಷ ಹೀಗೇ ಕಳೆಯಿತು. ಮರುವರ್ಷದ ಆಷಾಢದ ಮಳೆಯಲ್ಲಿ ಮೊದಲು ಕಾಲೊರೆಸುವ ಚಾಪೆ ಒದ್ದೆಯಾಯಿತು. ಆಮೇಲೆ ಇಸ್ತ್ರಿಗೆಂದು ಗುಡ್ಡೆ ಹಾಕಿದ್ದ ಬಟ್ಟೆ, ಮಗಳ ಶಾಲೆಯ ಚೀಲ, ಹಾಸಿಗೆಯ ಅಂಚು. ಟ್ರೇ ಮಾತ್ರ ಒಣಗಿಯೇ ಇರುತ್ತಿತ್ತು. ಗದರಿದೆವು. ಒಮ್ಮೆ ಕತ್ತು ಹಿಡಿದು ಒದ್ದೆಯ ಮೇಲೆ ಮೂಗು ಉಜ್ಜಿದೆವು, ಹಾಗೆ ಮಾಡಿದರೆ ಬುದ್ಧಿ ಬರುತ್ತದೆಂದು ಯಾರೋ ಹೇಳಿದ್ದರು. ಬಂದದ್ದು ಬುದ್ಧಿಯಲ್ಲ, ಭಯ. ಅವನು ಮಂಚದ ಅಡಿ ಸೇರಿಕೊಂಡ, ಅಲ್ಲಿಯೂ ಹೊಯ್ದ. ನೆಲಕ್ಕೆ ದಿನಕ್ಕೆರಡು ಬಾರಿ ಫಿನೈಲು ಹಾಕಿ ಒರೆಸಿದೆವು. ಬಿಸಿಲಿಲ್ಲದ ಮಲೆನಾಡಿನ ಮಳೆಯಲ್ಲಿ ಯಾವುದೂ ಒಣಗದು. ಹೋಯಿತೆಂದುಕೊಂಡ ವಾಸನೆ ತೇವ ಏರಿದ ಹಾಗೆ ಮತ್ತೆ ಏಳುತ್ತಿತ್ತು. ಒಂದು ಸಂಜೆ ಕೆಳಗಿನ ಅಮ್ಮನವರು ಮೆಟ್ಟಿಲ ಬುಡದಲ್ಲಿ ನಿಂತು, "ಇದು ಮೀನಿಗಿಂತ ಕಷ್ಟ ಆಯ್ತಲ್ಲ ಸಾಬ್ರೇ" ಎಂದರು. ಜೋರಾಗಿ ಹೇಳಲಿಲ್ಲ. ಆದರೆ ಇನ್ನೊಮ್ಮೆ ಮನೆ ಹುಡುಕುತ್ತ ತಿರುಗುವ ಚಿತ್ರ ಕಣ್ಣ ಮುಂದೆ ಬಂದು ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಇಷ್ಟರವರೆಗೆ ಸಹಿಸಿಕೊಂಡಿದ್ದೆವು. ಒಂದು ಶನಿವಾರ ಅಸರ್ ನಮಾಜಿಗೆಂದು ಅಬ್ಬಾ ಜಾನಮಾಜ್ ಬಿಡಿಸಿದರೆ ಅದರ ನಡುವೆ ಅಂಗೈ ಅಗಲದ ಕಲೆ. ಅದು ಅಮ್ಮಿಯ ಜಾನಮಾಜ್. ಇಬ್ಬರೂ 2004ರಲ್ಲಿ ಹಜ್‌ಗೆ ಹೋಗಿದ್ದಾಗ ಮಕ್ಕಾದ ಅಂಗಡಿಯೊಂದರಲ್ಲಿ ಅಮ್ಮಿ ತಾವೇ ಆರಿಸಿ ತಂದದ್ದು. 2016ರಲ್ಲಿ ಅವರು ತೀರಿಕೊಂಡ ಮೇಲೆ ಅಬ್ಬಾ ಬೇರೆ ಯಾವುದರ ಮೇಲೂ ನಮಾಜು ಮಾಡಿದವರಲ್ಲ. ಅಮ್ಮಿಯ ಹಣೆ ತಾಗಿ ತಾಗಿ ಸವೆದ ಜಾಗವೊಂದು ಅದರಲ್ಲಿದೆ. ಕಲೆ ಬಿದ್ದದ್ದು ಅದಕ್ಕೆ ತಾಗಿಕೊಂಡೇ.

ಅಂದೇ ತೀರ್ಮಾನಿಸಿದೆವು. ಮರುದಿನ ಬೆಳಿಗ್ಗೆ ಶೇರೂನನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಮೀನು ಮಾರ್ಕೆಟ್ಟಿನ ಬಳಿ ಬಿಟ್ಟು ಬರುವುದು. ನಮ್ಮ ಊರುಗಳಲ್ಲಿ ಬೇಡವಾದ ಬೆಕ್ಕಿಗೆ ಇದೇ ದಾರಿ. ಅಲ್ಲಿ ತಿನ್ನಲು ಸಿಗುತ್ತದೆ, ಪಾಪವೇನಲ್ಲ ಎಂದು ಸಮಾಧಾನ ಹೇಳಿಕೊಳ್ಳುವುದೂ ವಾಡಿಕೆ. ಮಗಳಿಗೆ ತಿಳಿಯದಂತೆ ಚೀಲವನ್ನು ಬಾಗಿಲ ಹಿಂದೆ ಇಟ್ಟೆವು.

ರಾತ್ರಿ ಅಬ್ಬಾಗೆ ವಿಷಯ ಹೇಳಿದೆವು. ಅವರು ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಒಂದು ಪ್ರಸಂಗವನ್ನೇ ನೆನಪಿಸಿದರು. ಸಹಾಬಿ ಅಬೂ ಖತಾದಾ ಅವರಿಗೆ ಸೊಸೆ ಕಬ್‌ಶಾ ವುಜೂಗೆ ನೀರು ಇಟ್ಟಿದ್ದರು. ಬೆಕ್ಕೊಂದು ಬಂದು ಕುಡಿಯಹೋದಾಗ ಅವರು ಪಾತ್ರೆಯನ್ನೇ ಅದರತ್ತ ವಾಲಿಸಿದರು. ಸೊಸೆ ಅಚ್ಚರಿಯಿಂದ ನೋಡಿದರು. ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವಂಥದ್ದು ಎಂದು ಪ್ರವಾದಿಯವರು ಹೇಳಿದ್ದಾರೆಂದು ಅವರು ವಿವರಿಸಿದರು. ನಾವು ಸೋಲಲಿಲ್ಲ. "ಬೆಕ್ಕು ನಾಪಾಕ್ ಅಲ್ಲ ಅಬ್ಬಾ, ಅದರ ಉಚ್ಚೆ ನಾಪಾಕ್ ತಾನೇ?" ಎಂದೆವು. ಉರ್ದು ಶಾಲೆಯಲ್ಲಿ ಕಲಿತದ್ದು ವಾದಕ್ಕಾದರೂ ಬಂತು. ಅಬ್ಬಾ ಹೌದೆಂದರು. "ಅದನ್ನು ಮೂರು ಸಲ ತೊಳೆದು ಹಿಂಡಿದರೆ ಹೋಗುತ್ತೆ ಮಗಾ" ಎಂದು ಮಾತ್ರ ಹೇಳಿ ಸುಮ್ಮನಾದರು.

ಮುಂಜಾನೆ ಫಜರ್ ಹೊತ್ತಿಗೆ ಅವರೇ ನಮ್ಮನ್ನು ಎಬ್ಬಿಸಿದರು. ಬಚ್ಚಲಿಗೆ ಹೋಗುವಾಗ ಶೇರೂನನ್ನು ನೋಡಿದ್ದರಂತೆ. ಟ್ರೇಯಲ್ಲಿ ಕೂರುತ್ತಾನೆ, ಏಳುತ್ತಾನೆ, ನಾಲ್ಕು ಹೆಜ್ಜೆ ನಡೆದು ಮತ್ತೆ ಕೂರುತ್ತಾನೆ. ಬೆನ್ನು ಬಿಗಿಯಾಗುತ್ತದೆ, ಬಾಯಿಂದ ಸಣ್ಣ ಮುಲುಕು ಬರುತ್ತದೆ, ಹೊಟ್ಟು ಮಾತ್ರ ಒಣಗಿಯೇ ಇದೆ. ಸಿಮೆಂಟಿನ ಮೇಲೆ ಒಂದು ಹನಿ ಬಿದ್ದಿತ್ತು, ಅದರಲ್ಲಿ ರಕ್ತದ ಎಳೆ. "ಇವನು ಹಟ ಮಾಡ್ತಾ ಇಲ್ಲ. ಇವನಿಗೆ ಪೇಶಾಬ್ ಕಟ್ಟಿದೆ. ನನಗೆ ಗೊತ್ತಾಗುತ್ತೆ" ಎಂದರು. ಹೇಗೆ ಗೊತ್ತಾಗುತ್ತದೆ ಎಂದು ಆಗ ನಾವು ಕೇಳಲಿಲ್ಲ.

ಭಾನುವಾರ. ಖಾಸಗಿಯಾಗಿ ನೋಡುವ ಪಶುವೈದ್ಯರೊಬ್ಬರನ್ನು ಹುಡುಕಿ ಹೋದೆವು. ಮಾರ್ಕೆಟ್ಟಿಗೆಂದು ಇಟ್ಟಿದ್ದ ಚೀಲವನ್ನೇ ಮಡಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಹಾಸಿ ಶೇರೂನನ್ನು ಕೂರಿಸಿಕೊಂಡು ಹೋದದ್ದು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಮೂತ್ರಕೋಶ ಕಲ್ಲಿನ ಹಾಗೆ ಗಟ್ಟಿಯಾಗಿದೆ ಸಾರ್. ನಾಳೆ ತಂದಿದ್ದರೆ ಏನಾಗುತ್ತಿತ್ತೋ ಹೇಳಲಿಕ್ಕಾಗದು" ಎಂದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಮೂತ್ರದಲ್ಲಿ ಮರಳಿನಂಥ ಹರಳುಗಳೂ ಲೋಳೆಯೂ ಸೇರಿ ಅಲ್ಲಿ ಬೆಣೆಯಂತೆ ಕೂತುಬಿಡುತ್ತವೆ. ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಅದಕ್ಕೆ ಎರಡು ಮೂರು ದಿನ ಸಾಕು. ಮತ್ತು ಬರುವ ಮದ್ದು ಕೊಟ್ಟು, ಸಣ್ಣ ನಳಿಗೆ ಏರಿಸಿ ಮೂತ್ರ ತೆಗೆದರು. ಕೆಂಪು ಬಣ್ಣದ ನೀರು ಬಂತು. ಮೂರು ದಿನ ಡ್ರಿಪ್ ಹಾಕಿ ಅಲ್ಲೇ ಇಟ್ಟುಕೊಂಡರು.

ಕರೆತರಲು ಹೋದಾಗ ಅವರು ಹೇಳಿದ ಮಾತುಗಳನ್ನು ಬೆಕ್ಕು ಸಾಕುವ ಓದುಗರಿಗಾಗಿ ಇಲ್ಲಿ ಬರೆಯುತ್ತೇವೆ. ಬೆಕ್ಕು ಮರುಭೂಮಿಯ ಸೀಮೆಯ ಕಾಡುಬೆಕ್ಕಿನ ಕುಲ, ಬಾಯಾರಿಕೆ ಕಡಿಮೆ. ಬೇಟೆಯ ಮಾಂಸದಲ್ಲಿನ ನೀರೇ ಅದಕ್ಕೆ ಮುಖ್ಯ. ಒಣ ಕಾಳನ್ನೇ ತಿಂದು ನೀರು ಕುಡಿಯದಿದ್ದರೆ ಮೂತ್ರ ಮಂದವಾಗುತ್ತದೆ. ಜೊತೆಗೆ ಮನೆ ಬದಲಾದದ್ದು, ಗದರಿಕೆ, ಕಿಟಕಿಯಾಚೆ ಬರುವ ಬೀದಿಯ ಗಂಡು ಬೆಕ್ಕು, ಇಂಥ ಆತಂಕಗಳಿಂದಲೂ ಬೆಕ್ಕಿನ ಮೂತ್ರಕೋಶ ಊದಿಕೊಳ್ಳುತ್ತದೆ. ಬಾಲ ನಿಮಿರಿಸಿ ನಿಂತು ಗೋಡೆಗೆ ಚಿಮ್ಮಿಸಿದರೆ ಅದು ಗಡಿ ಗುರುತು, ಹೆಚ್ಚಾಗಿ ಬೀಜ ತೆಗೆಸಿದರೆ ಕಡಿಮೆಯಾಗುತ್ತದೆ. ಕೂತು ನೆಲದ ಮೇಲೆ ಹೊಯ್ದರೆ ಮೊದಲು ಕಾಯಿಲೆಯನ್ನು ಸಂಶಯಿಸಬೇಕು. "ಟ್ರೇಯಲ್ಲಿ ಕೂತಾಗ ನೋವಾದರೆ ನೋವು ಕೊಟ್ಟದ್ದು ಟ್ರೇ ಎಂದೇ ಅದು ತಿಳಿಯುತ್ತೆ. ಅದಕ್ಕೇ ಮೆತ್ತಗಿರುವ ಬೇರೆ ಜಾಗ ಹುಡುಕುತ್ತೆ" ಎಂದರು. ಜಾನಮಾಜ್ ಮೆತ್ತಗಿತ್ತು. ಅಷ್ಟೇ ವಿಷಯ. ನಾವು ಅದರಲ್ಲಿ ಸೇಡು, ಹಟ, ಅಹಂಕಾರ ಎಲ್ಲವನ್ನೂ ಓದಿದ್ದೆವು.

ಫಿನೈಲಿನ ಮಾತು ಬಂದಾಗ ಡಾಕ್ಟರು ತಲೆ ಚಚ್ಚಿಕೊಂಡರು. ಬೆಕ್ಕಿನ ಯಕೃತ್ತಿಗೆ ಅದರಲ್ಲಿನ ಫಿನಾಲನ್ನು ಅರಗಿಸುವ ಶಕ್ತಿ ಇಲ್ಲ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ವಿಷ. ಬೆಕ್ಕಿನ ಮೂತ್ರದ ಯೂರಿಕ್ ಆಮ್ಲದ ಹರಳುಗಳು ಬರೀ ನೀರಿಗೆ ಸುಲಭವಾಗಿ ಕರಗವು, ತೇವ ತಾಗಿದಾಗ ಮತ್ತೆ ನಾರುತ್ತವೆ. ಮೊದಲು ಬಟ್ಟೆಯಿಂದ ಒತ್ತಿ ಹೀರಿಸಿ, ಕಿಣ್ವವಿರುವ ಸೋಪಿನ ಪುಡಿಯಲ್ಲಿ ನೆನೆಸಿ ತೊಳೆಯಬೇಕು. ವಾಸನೆ ಪೂರಾ ಹೋಗದಿದ್ದರೆ ಅದೇ ಜಾಗಕ್ಕೆ ಬೆಕ್ಕು ಮರಳುತ್ತದೆ.

ಮನೆಗೆ ಬಂದು ಎಲ್ಲ ಬದಲಿಸಿದೆವು. ಒಂದು ಬೆಕ್ಕಿಗೂ ಎರಡು ಟ್ರೇ. ಒಂದು ಬಚ್ಚಲಿನ ಬಳಿ, ಇನ್ನೊಂದು ಅಬ್ಬಾರ ಕೋಣೆಯ ಮೂಲೆಯಲ್ಲಿ. ದಿನವೂ ಗಟ್ಟಿಯನ್ನು ತೆಗೆಯುವುದು, ವಾರಕ್ಕೊಮ್ಮೆ ತೊಳೆದು ಹೊಸ ಹೊಟ್ಟು ಹಾಕುವುದು. ಊಟದ ತಟ್ಟೆಯಿಂದ ದೂರ ಮೂರು ಕಡೆ ನೀರು. ಈರುಳ್ಳಿ ಬೆಕ್ಕಿಗೆ ವಿಷವಂತೆ, ಹಾಗಾಗಿ ನಮ್ಮ ಸಾಲನ್ ನಿಂತಿತು. ಉಪ್ಪು ಖಾರ ಈರುಳ್ಳಿ ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನೂ ಅದರ ಕಟ್ಟನ್ನೂ, ಡಾಕ್ಟರು ಬರೆದುಕೊಟ್ಟ ಆಹಾರವನ್ನೂ ಕೊಡತೊಡಗಿದೆವು. ಕೆಳಗಿನ ಅಮ್ಮನವರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಯಿಲೆ ಅಂತ ಮೊದಲೇ ಹೇಳಬಾರದಿತ್ತಾ?" ಎಂದರು. ನಮಗೇ ಗೊತ್ತಿರಲಿಲ್ಲ ಎಂದೆವು.

ಶೇರೂ ಮನೆಗೆ ಬಂದ ಮೂರನೆಯ ರಾತ್ರಿ. ಎರಡನೆಯ ಟ್ರೇಯಲ್ಲಿ ಕೂತು ಒಂದೇ ಸಮನೆ ಹೊಯ್ದ. ಹೊಟ್ಟಿನ ಮೇಲೆ ಬೀಳುವ ಆ ಸದ್ದನ್ನು ಕೇಳಿ ಮನೆಯವರೆಲ್ಲ ಹಬ್ಬದಂತೆ ನಕ್ಕೆವು. ಅಬ್ಬಾ ನಗಲಿಲ್ಲ. ಎಲ್ಲರೂ ಮಲಗಿದ ಮೇಲೆ ನಮ್ಮನ್ನು ಕರೆದು ಮೆಲ್ಲನೆ, "ನನಗೂ ಹಾಗೇ ಆಗ್ತಿದೆ ಮಗಾ" ಎಂದರು.

ಎಂಟು ತಿಂಗಳಿಂದ. ರಾತ್ರಿ ಐದಾರು ಬಾರಿ ಎದ್ದು ಹೋಗಿ ಕೂರುವುದು, ಬಾರದೆ ಕಾಯುವುದು, ಬಂದರೂ ಪೂರ್ತಿಯಾಗದೆ ಆಮೇಲೆ ಹನಿಯುವುದು. ಲುಂಗಿಯನ್ನು ತಾವೇ ಕತ್ತಲಲ್ಲಿ ತೊಳೆದು ಮಂಚದ ಹಿಂದೆ ಒಣಹಾಕುತ್ತಿದ್ದರಂತೆ. ಆ ಕೋಣೆಯ ಒಂದು ಬಗೆಯ ಮುಗ್ಗು ವಾಸನೆಯನ್ನೂ ನಾವು ಶೇರೂನ ಲೆಕ್ಕಕ್ಕೇ ಬರೆದಿದ್ದೆವು. ಅವರು ಮಸೀದಿಗೆ ಹೋಗುವುದನ್ನು ನಿಲ್ಲಿಸಿದ್ದು ಮಂಡಿನೋವಿಗೆ ಎಂದು ನಾವೇ ತೀರ್ಮಾನಿಸಿ, ನಾವೇ ಎಣ್ಣೆ ತಂದುಕೊಟ್ಟಿದ್ದೆವು. ಅವರು ಆ ಎಣ್ಣೆಯನ್ನು ಮಂಡಿಗೆ ಹಚ್ಚಿಕೊಳ್ಳುತ್ತಲೂ ಇದ್ದರು. "ಸಫ್‌ನಲ್ಲಿ ನಿಂತಾಗ ಹನಿ ಬಿದ್ದರೆ ನಮಾಜು ಹೋಯ್ತು. ಪಕ್ಕದವರಿಗೆ ವಾಸನೆ ಬಂದರೆ ಮಾನವೂ ಹೋಯ್ತು. ಯಾರಿಗೆ ಹೇಳಲಿ? ನಿನ್ನ ಅಮ್ಮಿ ಇದ್ದಿದ್ದರೆ ಹೇಳ್ತಿದ್ದೆ" ಎಂದರು.

ಮಾರನೆಯ ದಿನವೇ ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನ್ ಮಾಡಿ, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಈ ವಯಸ್ಸಿನ ಗಂಡಸರಲ್ಲಿ ಇದು ತೀರಾ ಸಾಮಾನ್ಯ ಎಂದರು. ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯುತ್ತಿತ್ತು. ಇನ್ನೂ ತಡ ಮಾಡಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದಿತ್ತು. ಸದ್ಯ ಮಾತ್ರೆಯಲ್ಲೇ ಹಿಡಿತಕ್ಕೆ ಬಂತು. ಬಳಿಕ ಮೌಲವಿ ಸಾಹೇಬರನ್ನು ಮನೆಗೆ ಕರೆಸಿದೆವು. ನಿಲ್ಲದೆ ಹನಿಯುವ ಕಾಯಿಲೆ ಇರುವವರು ಪ್ರತಿ ನಮಾಜಿನ ವೇಳೆಗೆ ಹೊಸದಾಗಿ ವುಜೂ ಮಾಡಿದರೆ ಸಾಕು, ಆಮೇಲೆ ಹನಿ ಬಿದ್ದರೂ ನಮಾಜು ಕೆಡದು ಎಂದು ಅವರು ತಿಳಿಸಿದರು. ಈ ವಿನಾಯಿತಿ ಅಬ್ಬಾಗೆ ಗೊತ್ತಿರಲಿಲ್ಲವೆಂದಲ್ಲ. ಬೇರೆಯವರ ಬಾಯಿಂದ ಕೇಳಬೇಕಿತ್ತು. ಎರಡು ಶುಕ್ರವಾರ ಕಳೆದ ಮೇಲೆ ಅವರು ಜುಮಾಗೆ ಹೊರಟರು.

ನಾವು ಕಥೆ ಬರೆಯುವವರು. ಹೇಳಿಕೊಳ್ಳಲಾಗದವರ ಸಂಕಟಕ್ಕೆ ದನಿಯಾಗುತ್ತೇವೆಂದು ಸಭೆಗಳಲ್ಲಿ ಮಾತಾಡಿದ್ದೇವೆ, ಚಪ್ಪಾಳೆಯನ್ನೂ ಪಡೆದಿದ್ದೇವೆ. ಮನೆಯೊಳಗೆ ಇಬ್ಬರು ಒಂದೇ ನೋವನ್ನು ಉಣ್ಣುತ್ತಿದ್ದರು. ಒಬ್ಬನನ್ನು ಚೀಲಕ್ಕೆ ಹಾಕಲು ಹೊರಟಿದ್ದೆವು, ಇನ್ನೊಬ್ಬರಿಗೆ ಮಂಡಿಗೆ ಎಣ್ಣೆ ಕೊಟ್ಟಿದ್ದೆವು. ಮಾತು ಬಾರದವನ ಕಷ್ಟ ಮೊದಲು ಕಂಡದ್ದು ಮಾತಾಡಲಾರದವರ ಕಣ್ಣಿಗೆ.

ಶೇರೂ ಈಗಲೂ ವರ್ಷಕ್ಕೊಂದೆರಡು ಬಾರಿ ಟ್ರೇ ಬಿಟ್ಟು ಹೊಯ್ಯುವುದುಂಟು. ಆಗ ನಾವು ಗದರುವುದಿಲ್ಲ. ನೀರಿನ ಬಟ್ಟಲು ನೋಡುತ್ತೇವೆ, ಹೊಟ್ಟೆ ಮುಟ್ಟಿ ನೋಡುತ್ತೇವೆ. ಹಾಗೆಯೇ ಅಬ್ಬಾರ ಕೋಣೆಗೂ ಹೋಗಿ, ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಕೇಳುತ್ತೇವೆ. ಮೊದಮೊದಲು ನಾಚಿಕೊಳ್ಳುತ್ತಿದ್ದರು. ಈಗ ಲೆಕ್ಕ ಹೇಳುತ್ತಾರೆ. ಅಮ್ಮಿಯ ಜಾನಮಾಜನ್ನು ಮೂರು ಸಲ ತೊಳೆದು ಹಿಂಡಿ, ಮಳೆ ಬಿಟ್ಟ ಮೇಲೆ ಬಿಸಿಲಿಗೆ ಹಾಕಿದೆವು. ಕಲೆ ಸ್ವಲ್ಪ ಉಳಿದಿದೆ. ಅಬ್ಬಾ ಅದರ ಮೇಲೇ ನಮಾಜು ಮಾಡುತ್ತಾರೆ.