ಮಾತು ಕೇಳಬೇಕಾದ ಮನೆ

ಹೋಂ ಥಿಯೇಟರ್ ರಿಸೀವರ್ ಕೊಳ್ಳುವವರು ಮೊದಲು ವಿಚಾರಿಸುವುದು ವಾಟ್ ಎಷ್ಟೆಂದು. ವಾಟ್ ಇಮ್ಮಡಿಯಾದರೂ ಧ್ವನಿ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಅಲ್ಪವೇ ಸರಿ. ಸ್ಪೀಕರಿನ ಓಮ್ ರಿಸೀವರಿಗೆ ಹೊಂದುವುದೂ, ಆ ಮನೆಯವರು ಕೇಳುವುದೇನು ಎಂಬುದೂ ಅದಕ್ಕಿಂತ ಮುಖ್ಯ.

ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದಕ್ಕೆ ಅರ್ಥಧಾರಿಯ ಮಾತೇ ಜೀವಾಳ. ಇರುಳೆಲ್ಲ ಕೂಟದಲ್ಲಿ ಕೂರಲಾಗದ ಹಿರಿಯರಿಗೆ ಹಳೆಯ ಧ್ವನಿಮುದ್ರಿಕೆಗಳೇ ಆಸರೆ. ಒಂದೋ ಎರಡೋ ಚಾನೆಲಿನ ಅಂಥ ಮುದ್ರಿಕೆಯನ್ನು ಕೃತಕ ಸರೌಂಡಿನಲ್ಲಿ ನುಡಿಸಿದರೆ ಚೆಂಡೆ ಕೋಣೆ ತುಂಬೀತು, ಮಾತು ಮಸುಕಾದೀತು. ಅದಕ್ಕೆ ಸ್ಟೀರಿಯೊ ಸಾಕು. 5.1 ಚಲನಚಿತ್ರದಲ್ಲಾದರೆ ಸಂಭಾಷಣೆ ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರುತ್ತದೆ. ಅದನ್ನು ಕಪಾಟಿನೊಳಗೆ ತುರುಕದೆ, ಕುಳಿತವರತ್ತ ಮುಖಮಾಡಿ ಇರಿಸಬೇಕು.

ತಂತಿ ಜೋಡಿಸುವಾಗ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಒಂದು ಸ್ಪೀಕರಿನಲ್ಲಿ ಅದಲುಬದಲಾದರೂ ತಗ್ಗುಸ್ವರ ಬಡವಾಗುತ್ತದೆ. ಧ್ವನಿಯನ್ನು ಕೋಣೆಗೆ ಹೊಂದಿಸುವ ಮೈಕ್ ಇರಬೇಕಾದುದು ಹಿರಿಯರ ಕುರ್ಚಿಯಲ್ಲಿ, ಅವರ ಕಿವಿಯ ಎತ್ತರದಲ್ಲಿ.

ಕಚೇರಿಯಲ್ಲಿ, ಪೇಟೆಯಲ್ಲಿ ಮಲಯಾಳವೇ ಹೆಚ್ಚಾಗಿ ಕೇಳುವ ಗಡಿನಾಡಿನ ಮಕ್ಕಳಿಗೆ ತುಂಬುಗನ್ನಡ ಕಿವಿಗೆ ಬೀಳುವ ತಾವುಗಳು ಕೆಲವೇ. ಅಜ್ಜನ ಪಕ್ಕದ ಚಾಪೆ ಅವುಗಳಲ್ಲೊಂದು. ಅಲ್ಲಿಗೆ ತಲಪುವ ಅರ್ಥಗಾರಿಕೆಯ ಒಂದಕ್ಷರವೂ ಸೋರಿಹೋಗಬಾರದು.