ಸದ್ದಿಲ್ಲದ ರಸ್ತೆ

ತಿರುವನಂತಪುರದ ಚಾಲೈ ಬಜಾರಿನ ಹಿಂದಿನ ಓಣಿಯೊಂದರಲ್ಲಿ ನನ್ನ ಬಾಡಿಗೆ ಮನೆ. ಬಂದು ಆರು ವರ್ಷವಾಯಿತು. ಕೋಟೆಯ ಪೂರ್ವ ಬಾಗಿಲಿನಿಂದ ಕಿಳ್ಳಿಪ್ಪಾಲಂವರೆಗೆ ಒಂದೇ ರಸ್ತೆ, ಎರಡೂ ಕಡೆ ಅಂಗಡಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು ಕಟ್ಟಿಸಿದ ಪೇಟೆ ಇದು. ಬೆಲ್ಲ, ಮೆಣಸು, ಒಣಮೀನು, ಬಾಳೆಗೊನೆ, ಸ್ಟೀಲ್ ಪಾತ್ರೆ ಎಲ್ಲದರ ವಾಸನೆಯೂ ಸದ್ದೂ ಒಟ್ಟಿಗೇ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಸ್ವಲ್ಪ ತಣ್ಣಗಾದಂತೆ ಅನಿಸಿದರೆ ಮೂರು ಗಂಟೆಗೆ ಲಾರಿಗಳು ಶುರು. ನೀಲಿ ಅಂಗಿಯ ಹಮಾಲರು ಈರುಳ್ಳಿ ಚೀಲ ಇಳಿಸುವಾಗ ಹಾಕುವ ಕೂಗಿಗೆ ನನಗೀಗ ಅಲಾರಂ ಬೇಕಿಲ್ಲ.

ಇಂಥ ಕಡೆ ಇರುವವನು ಸದ್ದಿಲ್ಲದ ರಸ್ತೆ ಹುಡುಕಿಕೊಂಡು ಹೋದರೆ ತಪ್ಪೇನು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಓಣಂ ಹೊತ್ತಿಗೆ, ಬೆಳಗಿನ ನಾಲ್ಕೂವರೆಗೆ ಸೈಕಲ್ ಹೊರಗೆ ತಂದಾಗ ಗುಂಡ್ಲುಪೇಟೆಯ ಚೆಂಡುಹೂವಿನ ಲಾರಿಯೊಂದು ಓಣಿಗೆ ಅಡ್ಡ ನಿಂತಿತ್ತು. ಜಾಗ ಬಿಡಿ ಅಂತ ಕನ್ನಡದಲ್ಲೇ ಕೇಳಿದೆ. ಡ್ರೈವರನಿಗೆ ಖುಷಿಯಾಗಿ ಇಳಿದೇ ಬಂದ. "ಎಲ್ಲಿಗೆ ಸಾರ್ ಇಷ್ಟೊತ್ತಿಗೆ?" "ಬೆಟ್ಟಕ್ಕೆ." "ಅಲ್ಲಿ ಏನು ಕೆಲಸ?" "ಕೆಲಸ ಏನಿಲ್ಲ, ಹೋಗಿ ಬರೋದು." ಅವನು ನನ್ನ ಹೆಲ್ಮೆಟ್ಟನ್ನೂ ಬಿಗಿ ಚಡ್ಡಿಯನ್ನೂ ನೋಡಿ, ಏನೂ ಹೇಳದೆ ಲಾರಿ ಹಿಂದಕ್ಕೆ ತೆಗೆದ.

ಇಲ್ಲಿಂದ ಬೆಟ್ಟ ಅಂದರೆ ಎಲ್ಲರೂ ಹೇಳುವುದು ಪೊನ್ಮುಡಿ. ಪೇರೂರ್ಕಡ, ನೆಡುಮಂಗಾಡ್, ಚುಳ್ಳಿಮಾನೂರ್, ವಿದುರ, ಕಲ್ಲಾರ್, ಆಮೇಲೆ 22 ಹೇರ್‌ಪಿನ್ ತಿರುವು. ಒಟ್ಟು 55-60 ಕಿಲೋಮೀಟರ್, ತುದಿ ಸುಮಾರು 1100 ಮೀಟರ್ ಎತ್ತರ. 2023ರ ಅಕ್ಟೋಬರಿನಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ಅಲ್ಲೇ ನಡೆಯಿತು. ಏರು ಚೆನ್ನಾಗಿದೆ, ತಿರುವಿನಲ್ಲಿ ಉಸಿರು ತೆಗೆದುಕೊಳ್ಳುವಷ್ಟು ಸಮತಟ್ಟು ಸಿಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಕಾಲೇಜು ದಿನಗಳಲ್ಲಿ ಗೇರಿಲ್ಲದ ಅಟ್ಲಾಸ್ ಸೈಕಲ್ಲಿನಲ್ಲಿ ಅರ್ಧ ತುಳಿದು ಅರ್ಧ ತಳ್ಳಿ ಹತ್ತಿದ ನನಗೆ ಇದು ಕಷ್ಟವೇನಲ್ಲ. ಆದರೆ ಭಾನುವಾರ ಎಂಟು ಗಂಟೆ ದಾಟಿತೋ, ನಗರದ ಕಾರುಗಳೆಲ್ಲ ಅಲ್ಲೇ. ಕೆಳಗಿಳಿಯುವಾಗ ತಿರುವಿನಲ್ಲಿ ಎದುರಿಗೆ ಬರುವ ಕಾರು ನಿಮ್ಮ ಬದಿಯಲ್ಲೇ ಇರುತ್ತದೆ ಅಂತ ಲೆಕ್ಕ ಹಾಕಿಯೇ ಬ್ರೇಕ್ ಹಿಡಿಯಬೇಕು.

ಹಾಗಾಗಿ ನಾನು ಹೋಗುವುದು ಬೇರೆ ದಾರಿ. ಅರುವಿಕ್ಕರ, ವೆಳ್ಳನಾಡ್, ಆರ್ಯನಾಡ್ ಮೇಲಿನಿಂದ ವಿದುರ. ಅರುವಿಕ್ಕರ ಅಣೆಕಟ್ಟಿನ ನೀರೇ ನಗರದ ನಲ್ಲಿಗೆ ಬರುವುದು. ಅಲ್ಲಿ ತಲುಪುವ ಹೊತ್ತಿಗೆ ಕರಮನ ಹೊಳೆಯ ಮೇಲೆ ಮಂಜು ಕೂತಿರುತ್ತದೆ. ಆರ್ಯನಾಡ್ ದಾಟಿದ ಮೇಲೆ ರಬ್ಬರ್ ತೋಟ. ಕತ್ತಲಲ್ಲಿ ಹಣೆಗೆ ಟಾರ್ಚು ಕಟ್ಟಿಕೊಂಡ ಟ್ಯಾಪರುಗಳು ಮರದಿಂದ ಮರಕ್ಕೆ ಹೋಗುವುದು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ, ಬೆಳಕು ಮಾತ್ರ. ರಸ್ತೆ ಏಳುತ್ತಾ ಬೀಳುತ್ತಾ ಹೋಗುತ್ತದೆ. ಉದ್ದ ಏರು ಒಂದೂ ಇಲ್ಲ, ಆದರೆ ಸಣ್ಣ ಸಣ್ಣ ದಿಣ್ಣೆಗಳೇ ಸೇರಿ ಕಾಲಿನ ಶಕ್ತಿ ಹೀರಿಬಿಡುತ್ತವೆ. ಹಿಂದಿನ ಚಕ್ರಕ್ಕೆ 32 ಹಲ್ಲಿನ ಕಾಗ್ ಇಲ್ಲದೆ ಬರಬೇಡಿ. ಜೂನಿನಿಂದ ಆಗಸ್ಟ್‌ವರೆಗೆ ರಸ್ತೆಯ ಅಂಚಿನಲ್ಲಿ ಪಾಚಿ. ತುಲಾಮಾಸದಲ್ಲಿ ಮಧ್ಯಾಹ್ನ ಎರಡು ಗಂಟೆಯ ಮೇಲೆ ಗುಡುಗು ಮಳೆ. ಜನವರಿ ಒಳ್ಳೆಯದು.

ವಿದುರದಲ್ಲಿ ಪೊನ್ಮುಡಿ ರಸ್ತೆ ಬಿಟ್ಟು ಇನ್ನೊಂದು ಕಡೆ ಹೊರಳಿದರೆ ಜೆರ್ಸಿ ಫಾರ್ಮ್, ಮರುತಮಲೆಯಲ್ಲಿ ಐಸರ್ ಸಂಸ್ಥೆಯ ದೊಡ್ಡ ಕಟ್ಟಡಗಳು, ಆಮೇಲೆ ಕಾಡು. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಅನುಮತಿ ತೋರಿಸಬೇಕು. ಅಲ್ಲಿಂದ ಬೋಣಕ್ಕಾಡ್. ಅಗಸ್ತ್ಯಕೂಡಂ ಶಿಖರ ಹತ್ತುವವರು ಹೊರಡುವುದು ಇಲ್ಲಿಂದಲೇ. ಆ ಚಾರಣದ ದಿನಗಳನ್ನು ಬಿಟ್ಟರೆ ರಸ್ತೆಯಲ್ಲಿ ಯಾರೂ ಇಲ್ಲ. ಮೊದಲ ಸಲ ಹೋದಾಗ ಒಂದು ಗಂಟೆಯಲ್ಲಿ ನಾನು ನೋಡಿದ್ದು ಒಂದು ಜೀಪು, ಎರಡು ಮಲೆ ಅಳಿಲು, ರಸ್ತೆ ಮಧ್ಯೆ ಇನ್ನೂ ಹೊಗೆಯಾಡುತ್ತಿದ್ದ ಆನೆ ಲದ್ದಿ. ಲದ್ದಿ ನೋಡಿದ ಮೇಲಿನ ನಾಲ್ಕು ಕಿಲೋಮೀಟರ್ ನಾನು ಜೀವನದಲ್ಲೇ ಅತಿ ವೇಗವಾಗಿ ಹತ್ತಿದ ಏರು.

ಕಾಡು ಮುಗಿದಾಗ ಚಹಾ ತೋಟ. ಹತ್ತಿರ ಹೋದಾಗಲೇ ಗೊತ್ತಾಗುವುದು, ಅದು ತೋಟವಲ್ಲ. ಕತ್ತರಿಸದೆ ಬಿಟ್ಟ ಚಹಾ ಗಿಡ ಮರವಾಗುತ್ತದೆ ಅಂತ ಓದಿದ್ದೆ, ನೋಡಿರಲಿಲ್ಲ. ಕಾರ್ಖಾನೆಯ ತಗಡಿನ ಗೋಡೆ, ಒಡೆದ ಗಾಜು, ಒಳಗೆ ತುಕ್ಕು ಹಿಡಿದ ಯಂತ್ರ. ಬ್ರಿಟಿಷರ ಕಾಲದ ತೋಟ. ಕೆಲಸ ನಿಂತು ವರ್ಷಗಳೇ ಆಗಿವೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಇಲ್ಲಿನ ಹಾಳು ಬಂಗಲೆಯ ದೆವ್ವದ ಕಥೆಯೇ ಮೊದಲು ಬರುತ್ತದೆ. ಲಯದ ಕಥೆ ಹುಡುಕಿದರೆ ಮಾತ್ರ ಸಿಗುತ್ತದೆ. ಲಯ ಅಂದರೆ ಕೂಲಿ ಲೈನು, ಸಾಲು ಮನೆ. ನಮ್ಮ ಕಡೆಯ ಕಾಫಿ ತೋಟದವರಿಗೆ ಹೇಳಬೇಕಿಲ್ಲ.

ಲಯದ ಮುಂದೆ ಒಬ್ಬ ಅಜ್ಜಿ ಸೌದೆ ಒಣಗಿಸುತ್ತಿದ್ದರು. ನೀರು ಕೇಳಿದೆ, ಕಟ್ಟಂಚಾಯ ಕೊಟ್ಟರು. ಅವರದು ತಮಿಳು ಬೆರೆತ ಮಲಯಾಳಂ, ನನ್ನದು ಎಲ್ಲವೂ ಬೆರೆತದ್ದು. ಇಷ್ಟು ದೂರ ಯಾಕೆ ತುಳಿದುಕೊಂಡು ಬಂದೆ ಅಂತ ಕೇಳಿದರು. ಚಾಲೈ ಹೆಸರು ಹೇಳಿ, ಅಲ್ಲಿ ಗಲಾಟೆ, ಇಲ್ಲಿ ನೋಡಿ ಎಷ್ಟು ಶಾಂತವಾಗಿದೆ ಅಂದೆ.

ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕಾರ್ಖಾನೆ ಕಡೆ ಕೈ ತೋರಿಸಿ, ಮೊದಲು ಬೆಳಿಗ್ಗೆ ಸೈರನ್ ಆಗುತ್ತಿತ್ತು, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು ಅಂದರು. ಲಾರಿ ಬರುತ್ತಿತ್ತು. ರಾತ್ರಿ ಎಲ್ಲ ಮಿಷನ್ನು. ಈಗ ಬಸ್ಸಿನ ಸದ್ದು ಕೇಳಿಸಿದರೆ ಬಾಗಿಲಿಗೆ ಬಂದು ನಿಲ್ಲುತ್ತೇವೆ, ಯಾರು ಇಳಿಯುತ್ತಾರೆ ನೋಡಲು. ಮಗ ಕೆಳಗೆ ಕೆಲಸಕ್ಕಿದ್ದಾನೆ, ಹಬ್ಬಕ್ಕೆ ಬರುತ್ತಾನೆ. ತಾನು ಇಲ್ಲೇ ಇರುವುದು ಬರಬೇಕಾದ ದುಡ್ಡು ಬಾಕಿ ಇರುವುದರಿಂದ. ಮನೆ ಬಿಟ್ಟರೆ ಅದೂ ಹೋಯಿತು ಅಂತ ಅವರ ಲೆಕ್ಕ. ಲೋಟ ತೊಳೆಯಲು ಹೋದೆ, ಬಿಡಲಿಲ್ಲ.

ನನ್ನಮ್ಮ ಕೊಪ್ಪದ ಕಡೆ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಪ್ರತಿ ಭಾನುವಾರ ಸಂಜೆ ಫೋನು ಮಾಡಿದಾಗ ಹೇಳುವ ಮೊದಲ ಮಾತು, "ಇವತ್ತು ಯಾರೂ ಬರಲಿಲ್ಲ". ನಾನದನ್ನು ಹವಾಮಾನ ವರದಿಯ ಹಾಗೆ ಕೇಳಿಸಿಕೊಂಡು ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ. ಕೊಪ್ಪ ಅಂದರೆ ಬಸ್ಸಿನ ಊರು. 1991ರಲ್ಲಿ ಕಂಡಕ್ಟರು, ಡ್ರೈವರುಗಳೇ ಸೇರಿ ಸಹಕಾರ ಸಾರಿಗೆ ಕಟ್ಟಿ ಮಲೆನಾಡಿನ ಮೂಲೆ ಮೂಲೆಗೆ ಬಸ್ಸು ಓಡಿಸಿದರು. 2020ರಲ್ಲಿ ಅದು ನಿಂತಿತು. ನಮ್ಮ ಹಳ್ಳಿಗೆ ಬರುತ್ತಿದ್ದ ಬೇರೊಂದು ಬಸ್ಸು ಅದಕ್ಕೂ ಮೊದಲೇ ಇಲ್ಲವಾಗಿತ್ತು. ಯಾರನ್ನೂ ದೂರುವ ಹಾಗಿಲ್ಲ, ಹತ್ತುವವರೇ ಇರಲಿಲ್ಲ. ಹತ್ತಬೇಕಾಗಿದ್ದವರಲ್ಲಿ ನಾನೂ ಒಬ್ಬ. ರಜೆಗೆ ಹೋದಾಗ ಆ ರಸ್ತೆಯಲ್ಲಿ ಸೈಕಲ್ ಹೊಡೆದು, ಒಂದೂ ವಾಹನವಿಲ್ಲದ ಹದಿನಾಲ್ಕು ಕಿಲೋಮೀಟರಿನ ಫೋಟೊ ಹಾಕಿ, ಸ್ವರ್ಗ ಅಂತ ಬರೆದವನೂ ನಾನೇ. ನೂರಾರು ಜನ ಮೆಚ್ಚಿದ್ದರು.

ಅಪ್ಪ ಇದೇ ರಸ್ತೆಯಲ್ಲಿ ಅಡಿಕೆ ಮೂಟೆ ಕ್ಯಾರಿಯರಿಗೆ ಕಟ್ಟಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಏರಿನಲ್ಲಿ ಕೂತು ತುಳಿದದ್ದು ನಾನು ನೋಡಿಲ್ಲ. ಹಿಂದಿನಿಂದ ಬಸ್ಸು ಬಂದರೆ ನಿಲ್ಲಿಸಿ, ಸೈಕಲ್ಲನ್ನೂ ಮೂಟೆಯನ್ನೂ ಟಾಪಿಗೆ ಹಾಕಿಸುತ್ತಿದ್ದರು. ಆ ಹಾರ್ನ್ ಅವರಿಗೆ ಎಷ್ಟು ಇಷ್ಟದ ಸದ್ದಾಗಿತ್ತು ಅಂತ ಬೋಣಕ್ಕಾಡಿನಿಂದ ಇಳಿಯುವಾಗ ಹೊಳೆಯಿತು.

ಅವತ್ತು ಇಳಿಜಾರಿನಲ್ಲಿ ಹಿಂದಿನ ಟ್ಯೂಬು ಪಂಕ್ಚರ್ ಆಯಿತು. ಹಾಕಿದ ಬದಲಿ ಟ್ಯೂಬೂ ಹೋಯಿತು. ಟೈರಿನೊಳಗಿನ ಮುಳ್ಳು ತೆಗೆಯದೆ ಹಾಕಿದ್ದೆ, ಮೂವತ್ತು ವರ್ಷದ ಅನುಭವಕ್ಕೆ ಅವಮಾನ. ಪ್ಯಾಚು ತಂದಿರಲಿಲ್ಲ. ತಳ್ಳಿಕೊಂಡು ಹೊರಟೆ. ಫೋನಿಗೆ ಸಿಗ್ನಲ್ ಇಲ್ಲ. ಅರ್ಧ ಗಂಟೆ ಹಿಂದೆ ಪಕ್ಷಿ ಕೂಗಿದ್ದಕ್ಕೆ ನಿಂತು ಕೇಳಿದ್ದ ಅದೇ ಕಾಡಿನಲ್ಲಿ ಈಗ ಎಂಜಿನ್ನಿನ ಸದ್ದಿಗಾಗಿ ಕಿವಿ ಕೊಟ್ಟು ನಡೆದೆ. ಒಂದೂವರೆ ಗಂಟೆಯ ಮೇಲೆ ಬಸ್ಸು ಬಂತು. ಕಂಡಕ್ಟರ್ ಸೈಕಲ್ಲನ್ನು ನೋಡಿ ಮುಖ ಸಿಂಡರಿಸಿ, ಆಮೇಲೆ ಹಿಂದಿನ ಸೀಟಿಗೆ ಒರಗಿಸಲು ಅವನೇ ಕೈ ಹಾಕಿದ. ಒಳಗೆ ಆರೇ ಜನ. ಅಷ್ಟು ಕಡಿಮೆ ಜನಕ್ಕೆ ಎಷ್ಟು ದಿನ ಓಡಿಸುತ್ತಾರೆ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ.

ಈಗಲೂ ಆ ದಾರಿಗೆ ಹೋಗುತ್ತೇನೆ. ದಾರಿ ಕೇಳುವ ಸೈಕಲ್ ಗೆಳೆಯರಿಗೆ ವಿದುರದವರೆಗಿನ ರಸ್ತೆ ಬರೆದು ಕೊಡುತ್ತೇನೆ, ಮುಂದಿನದ್ದನ್ನು ಬಸ್ಸಿನ ಹೊತ್ತು ಸೇರಿಸಿ ಕೊಡುತ್ತೇನೆ, ಹೋಗುವಾಗ ಒಂದು ಕಡೆಗಾದರೂ ಟಿಕೆಟ್ ತೆಗೆದುಕೊಳ್ಳಿ ಅನ್ನುತ್ತೇನೆ. ಹೆಚ್ಚಿನವರು ತಮಾಷೆ ಅಂದುಕೊಳ್ಳುತ್ತಾರೆ. ಅಜ್ಜಿಗೆ ಚಾಲೈಯಿಂದ ಬೆಲ್ಲ ಒಯ್ಯುತ್ತೇನೆ, ಅವರು ತೂಕ ನೋಡಿ ನನಗೆ ಮೋಸವಾಗಿದೆ ಅನ್ನುತ್ತಾರೆ.

ಮೇ ತಿಂಗಳಲ್ಲಿ ಅಮ್ಮನನ್ನು ಹದಿನೈದು ದಿನಕ್ಕೆ ಕರೆತಂದಿದ್ದೆ. ಲಾರಿಗಳ ಗದ್ದಲದಲ್ಲಿ ನಿದ್ದೆ ಬರುವುದಿಲ್ಲ ಅಂತ ಹೆದರಿ ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದೆ. ಮೂರನೇ ದಿನ ಬೆಳಗಿನ ಜಾವ ಎದ್ದು ನೋಡಿದರೆ ಅಮ್ಮ ಪರದೆ ಸರಿಸಿ, ಕುರ್ಚಿ ಎಳೆದುಕೊಂಡು ಕೂತಿದ್ದರು. ಕೆಳಗೆ ಬಾಳೆಗೊನೆ ಇಳಿಸುತ್ತಿದ್ದರು.

"ಮಲಗಮ್ಮ" ಅಂದೆ.

"ತಡಿ," ಅಂದರು, "ಆ ಎರಡನೇ ಲಾರಿ ಎಲ್ಲಿಯದು ಕೇಳು."